ನೋಟ್ಸಿನಾಚೆಯ ವಿಶ್ವವಿದ್ಯಾನಿಲಯ

ಕರ್ನಾಟಕದ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ವಿಭಾಗಗಳಿಗೆ ಪ್ರತಿವರ್ಷ ಹೊಸದಾಗಿ ಸೇರುವ ವಿದ್ಯಾರ್ಥಿಗಳಲ್ಲಿ ಅನೇಕರು ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳಲ್ಲಿ ಓದಿದವರು, ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಉನ್ನತ ಶಿಕ್ಷಣದ ಮೆಟ್ಟಿಲು ಹತ್ತಿದವರು. ಅಧ್ಯಾಪಕರು ಬರೆಸಿದ ನೋಟ್ಸು, ಅಂಗಡಿಯಲ್ಲಿ ಸಿಗುವ ಗೈಡು, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಇವಿಷ್ಟರಿಂದಲೇ ಪರೀಕ್ಷೆ ದಾಟಬಹುದೆಂಬ ನಂಬಿಕೆ ಪದವಿಯ ವರ್ಷಗಳಲ್ಲಿ ಗಟ್ಟಿಗೊಂಡಿರುತ್ತದೆ ಮತ್ತು ಅದು ಅವರೊಡನೆಯೇ ವಿಶ್ವವಿದ್ಯಾನಿಲಯದ ಆವರಣವನ್ನು ಪ್ರವೇಶಿಸುತ್ತದೆ. ಈ ನಂಬಿಕೆ ಹುಟ್ಟಿಕೊಂಡದ್ದಕ್ಕೆ ವಿದ್ಯಾರ್ಥಿ ಕಾರಣನಲ್ಲ. ಸಂಯೋಜಿತ ಕಾಲೇಜಿನಲ್ಲಿ, ಅಂದರೆ ಬೇರೊಂದು ವಿಶ್ವವಿದ್ಯಾನಿಲಯ ಗೊತ್ತುಪಡಿಸಿದ ಪಾಠಗಳನ್ನು ಹೇಳಿಕೊಟ್ಟು ಅದೇ ನಡೆಸುವ ಪರೀಕ್ಷೆಗೆ ವಿದ್ಯಾರ್ಥಿಗಳನ್ನು ಸಿದ್ಧಪಡಿಸುವ ಸಂಸ್ಥೆಯಲ್ಲಿ, ಪಠ್ಯಕ್ರಮ ರೂಪಿಸುವವರು ಒಬ್ಬರು, ಪಾಠ ಮಾಡುವವರು ಇನ್ನೊಬ್ಬರು, ಉತ್ತರಪತ್ರಿಕೆ ನೋಡುವವರು ಮತ್ತೊಬ್ಬರು ಆಗಿರುವುದರಿಂದ, ಅಧ್ಯಾಪಕರಿಗೂ ವಿದ್ಯಾರ್ಥಿಗೂ ಪಠ್ಯವೆಂಬುದು ಮೇಲಿನಿಂದ ಇಳಿದು ಬಂದ, ಪ್ರಶ್ನಿಸಲಾಗದ ವಸ್ತುವಾಗಿ ತೋರುತ್ತದೆ. ವಿಶ್ವವಿದ್ಯಾನಿಲಯದ ವಿಭಾಗದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಪಾಠ ಹೇಳುವ ಪ್ರಾಧ್ಯಾಪಕರೇ ಅಧ್ಯಯನ ಮಂಡಳಿಯಲ್ಲಿ ಕುಳಿತು ಪಠ್ಯವನ್ನು ರೂಪಿಸಿರುತ್ತಾರೆ, ಅದೇ ವಿಷಯದಲ್ಲಿ ಸಂಶೋಧನೆ ನಡೆಸಿರುತ್ತಾರೆ, ಆ ಪುಸ್ತಕವನ್ನು ಬಿಟ್ಟು ಈ ಪುಸ್ತಕವನ್ನು ಏಕೆ ಇಡಲಾಯಿತೆಂಬ ಪ್ರಶ್ನೆಗೆ ಉತ್ತರ ಕೊಡಬಲ್ಲವರಾಗಿರುತ್ತಾರೆ. ಈ ವ್ಯತ್ಯಾಸವನ್ನು ಹೊಸ ವಿದ್ಯಾರ್ಥಿ ಮೊದಲ ಸೆಮಿಸ್ಟರಿನಲ್ಲಿಯೇ ಗುರುತಿಸದೆ ಹೋದರೆ, ಆವರಣ ದೊಡ್ಡದಾಗುತ್ತದೆಯೇ ಹೊರತು ಓದು ಹಳೆಯದಾಗಿಯೇ ಉಳಿಯುತ್ತದೆ.

ಈ ಮಾತಿಗೆ ಚರಿತ್ರೆಯ ಆಧಾರವೂ ಇದೆ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪನೆಗೊಂಡ ವಿಶ್ವವಿದ್ಯಾನಿಲಯಗಳು ಲಂಡನ್ ವಿಶ್ವವಿದ್ಯಾನಿಲಯದ ಅಂದಿನ ಮಾದರಿಯನ್ನು ಅನುಸರಿಸಿ ಮುಖ್ಯವಾಗಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಮೈಸೂರು ಸಂಸ್ಥಾನದ ಕಾಲೇಜುಗಳು ಕೂಡ 1916ರವರೆಗೆ ಮದರಾಸಿಗೆ ಸೇರಿಕೊಂಡಿದ್ದವು. ಆ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ ಆಶಯ ಮತ್ತು ದಿವಾನ ವಿಶ್ವೇಶ್ವರಯ್ಯನವರ ಶ್ರಮದಿಂದ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ, 1891ರಿಂದ ನಡೆದು ಬಂದಿದ್ದ ಓರಿಯಂಟಲ್ ಲೈಬ್ರರಿ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಅದರ ಅಂಗವಾಯಿತು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ತಂಜಾವೂರು ಸೀಮೆಯ ಪಂಡಿತರೊಬ್ಬರ ಮೂಲಕ ಬಂದು ಸೇರಿದ್ದು ಈ ಗ್ರಂಥಾಲಯಕ್ಕೆ; 1905ರಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಅಲ್ಲಿಯ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗೆಗೆ ಜಗತ್ತಿನ ತಿಳುವಳಿಕೆಯನ್ನು ಬದಲಿಸಿದ ಗ್ರಂಥವೊಂದು ಮೈಸೂರಿನ ಕೋಣೆಯೊಂದರಲ್ಲಿ, ಓಲೆಗರಿಯ ಕಟ್ಟನ್ನು ಬಿಚ್ಚಿ ತಾಳ್ಮೆಯಿಂದ ಓದಿದವರ ಕೈಯಲ್ಲಿ ಬೆಳಕಿಗೆ ಬಂದಿತು. ಜ್ಞಾನವನ್ನು ಸೃಷ್ಟಿಸುವುದು, ಇರುವ ಜ್ಞಾನವನ್ನು ಒರೆಗೆ ಹಚ್ಚುವುದು ವಿಶ್ವವಿದ್ಯಾನಿಲಯದ ಮೊದಲ ಕೆಲಸವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಕನ್ನಡ ನಾಡಿನಲ್ಲಿ ಹುಡುಕುವುದು ಕಷ್ಟ.

ಆದರೆ ಈ ಕೆಲಸದಲ್ಲಿ ಪಾಲುಗೊಳ್ಳಲು ವಿದ್ಯಾರ್ಥಿಗೆ ದೊರೆಯುವ ಕಾಲ ತೀರ ಕಡಿಮೆ. ಸ್ನಾತಕೋತ್ತರ ಪದವಿಗೆ ನಾಲ್ಕು ಸೆಮಿಸ್ಟರುಗಳು. ಒಂದು ಸೆಮಿಸ್ಟರಿಗೆ ಸುಮಾರು 90 ಬೋಧನಾ ದಿನಗಳು. ಪ್ರವೇಶದ ಸುತ್ತುಗಳು, ಹಾಸ್ಟೆಲ್ ಹಂಚಿಕೆ, ದಾಖಲೆ ಪರಿಶೀಲನೆ ಇವುಗಳಲ್ಲಿ ಮೊದಲ ಸೆಮಿಸ್ಟರಿನ ಹಲವು ವಾರಗಳು ಕರಗಿಹೋಗುತ್ತವೆ, ಉಳಿದ ಭಾಗವನ್ನು ಆಂತರಿಕ ಮೌಲ್ಯಮಾಪನ, ಅಂದರೆ ಕಿರುಪರೀಕ್ಷೆ, ಸೆಮಿನಾರ್, ನಿಯೋಜಿತ ಬರಹಗಳಿಗೆ ವಿಭಾಗದಲ್ಲಿಯೇ ಅಂಕ ಕೊಡುವ ಕ್ರಮ, ನುಂಗಿಬಿಡುತ್ತದೆ. ಈ ಅವಸರದ ನಡುವೆ ಹಿರಿಯ ವಿದ್ಯಾರ್ಥಿಯಿಂದ ನೋಟ್ಸಿನ ಜೆರಾಕ್ಸ್ ಪ್ರತಿ ಪಡೆದು ಮೊದಲ ಪರೀಕ್ಷೆಯನ್ನು ದಾಟಿದವನಿಗೆ ಎರಡನೆಯ ಪರೀಕ್ಷೆಗೂ ಅದೇ ದಾರಿ ಸಾಕೆನಿಸುವುದು ಸಹಜ. ಆದುದರಿಂದಲೇ ವಿಶ್ವವಿದ್ಯಾನಿಲಯದ ಬದುಕನ್ನು ಸಾರ್ಥಕಗೊಳಿಸಿಕೊಳ್ಳುವ ಪ್ರಶ್ನೆ ಮೊದಲ ಸೆಮಿಸ್ಟರಿನ ಪ್ರಶ್ನೆ. ಕೊನೆಯ ಸೆಮಿಸ್ಟರಿನಲ್ಲಿ ಪ್ರಬಂಧ ಬರೆಯುವಾಗ ಗ್ರಂಥಾಲಯದ ದಾರಿ ಕೇಳುವವರಿಗೆ ಅದು ತಡವಾಗಿ ಎದುರಾದ ಪ್ರಶ್ನೆ.

ನೋಟ್ಸು ಏನನ್ನು ಕೊಡಲಾರದು ಎಂಬುದನ್ನು ಒಂದೆರಡು ನಿದರ್ಶನಗಳ ಮೂಲಕ ಹತ್ತಿರದಿಂದ ನೋಡಬೇಕು. ಕನ್ನಡ ಎಂ.ಎ. ವಿದ್ಯಾರ್ಥಿಯೊಬ್ಬ ಬಸವಣ್ಣನವರ ವಚನಗಳ ಮೇಲಿನ ಪ್ರಶ್ನೆಗೆ ನೋಟ್ಸಿನಿಂದ ಸಿದ್ಧನಾದರೆ, ಭಕ್ತಿ, ಕಾಯಕ, ದಾಸೋಹ ಎಂಬ ಮೂರು ತಲೆಬರಹಗಳ ಕೆಳಗೆ ನಾಲ್ಕು ನಾಲ್ಕು ವಚನಗಳನ್ನು ಉದ್ಧರಿಸಿ ಉತ್ತರ ಬರೆಯಬಲ್ಲ, ಒಳ್ಳೆಯ ಅಂಕವನ್ನೂ ಪಡೆಯಬಲ್ಲ. ಅದೇ ವಿದ್ಯಾರ್ಥಿ ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಫ.ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನೂ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ 1993ರಲ್ಲಿ 15 ಸಂಪುಟಗಳಲ್ಲಿ ಹೊರತಂದ ‘ಸಮಗ್ರ ವಚನ ಸಂಪುಟ’ವನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಕುಳಿತರೆ, ವಚನಗಳನ್ನು ಜೋಡಿಸಿರುವ ಕ್ರಮವೇ ಎರಡರಲ್ಲಿ ಬೇರೆ ಬೇರೆಯಾಗಿರುವುದು ಅವನ ಕಣ್ಣಿಗೆ ಬೀಳುತ್ತದೆ: ಒಂದು ವಿಷಯಾನುಸಾರವಾಗಿ ಆಯ್ದು ಜೋಡಿಸಿದ ಸಂಕಲನ, ಇನ್ನೊಂದು ವಚನಕಾರರನ್ನು ಅನುಸರಿಸಿ ಒಟ್ಟುಗೂಡಿಸಿದ್ದು. ಹಸ್ತಪ್ರತಿಯಿಂದ ಹಸ್ತಪ್ರತಿಗೆ ಪದರೂಪಗಳು ಬದಲಾಗುವುದನ್ನು, ಅಂದರೆ ಪಾಠಾಂತರಗಳನ್ನು, ಸಂಪಾದಕರು ಹೇಗೆ ತೂಗಿ ನೋಡಿದರು, ಯಾವುದನ್ನು ಅಡಿಟಿಪ್ಪಣಿಗೆ ಇಳಿಸಿದರು ಎಂಬ ಕುತೂಹಲ ಆಗ ತಾನಾಗಿಯೇ ಹುಟ್ಟುತ್ತದೆ. ವಚನಗಳು ಇಂದಿನ ಓದುಗನಿಗೆ ತಲುಪಿರುವುದು ಇಂತಹ ಹಲವು ತೀರ್ಮಾನಗಳ ಮೂಲಕ ಎಂಬ ಅರಿವು ಬಂದ ಮೇಲೆ ಆ ವಿದ್ಯಾರ್ಥಿಗೆ ಭಕ್ತಿ, ಕಾಯಕ, ದಾಸೋಹಗಳ ತಲೆಬರಹಗಳೂ ಯಾರೋ ಒಬ್ಬರು ಒಂದು ಕಾಲದಲ್ಲಿ ಮಾಡಿಕೊಂಡ ವಿಂಗಡಣೆಯಾಗಿ ಕಾಣತೊಡಗುತ್ತವೆ. ಸಂಶೋಧನೆ ಆರಂಭವಾಗುವುದು ಈ ಹಂತದಲ್ಲಿ; ಅದಕ್ಕೆ ತಗುಲಿದ್ದು ಒಂದು ಮಧ್ಯಾಹ್ನ.

ವಿಜ್ಞಾನದ ವಿದ್ಯಾರ್ಥಿಯ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಪಿಯುಸಿಯಿಂದಲೂ ಪರಿಚಿತವಾಗಿರುವ ಸರಳ ಲೋಲಕದ ಪ್ರಯೋಗವನ್ನು ತೆಗೆದುಕೊಳ್ಳಬಹುದು. ದಾರಕ್ಕೆ ಗುಂಡು ಕಟ್ಟಿ, ಅದರ ಆಂದೋಲನದ ಕಾಲವನ್ನು ಅಳೆದು, ಗುರುತ್ವ ವೇಗೋತ್ಕರ್ಷವನ್ನು, ಅಂದರೆ ಭೂಮಿಯ ಸೆಳೆತದಿಂದ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಹೆಚ್ಚುವ ಪ್ರಮಾಣವನ್ನು, ಲೆಕ್ಕ ಹಾಕುವ ಪ್ರಯೋಗವಿದು. ಪುಸ್ತಕದಲ್ಲಿ 9.81 ಎಂದಿರುವುದು ಗೊತ್ತಿರುವುದರಿಂದ, ಬಂದ ಉತ್ತರ 9.7 ಆದರೆ ರೀಡಿಂಗನ್ನು ಹಿಂದಿನಿಂದ ಹೊಂದಿಸಿ ರೆಕಾರ್ಡ್ ಪುಸ್ತಕಕ್ಕೆ ಸಹಿ ಮಾಡಿಸಿಕೊಳ್ಳುವ ರೂಢಿ ಪ್ರಯೋಗಾಲಯಗಳಲ್ಲಿ ಇದೆ. ಆದರೆ ಭೂಮಿಯ ಭ್ರಮಣೆಯಿಂದಲೂ ಸಮಭಾಜಕದ ಬಳಿ ಅದು ಉಬ್ಬಿರುವುದರಿಂದಲೂ ಈ ಬೆಲೆ ಎಲ್ಲೆಡೆ ಒಂದೇ ಆಗಿರುವುದಿಲ್ಲ, 9.81 ಎಂಬುದು ಲಂಡನ್ನಿನಂತಹ ಉತ್ತರದ ಅಕ್ಷಾಂಶಗಳಿಗೆ ಸರಿಹೊಂದುವ ಸಂಖ್ಯೆ, 12 ಡಿಗ್ರಿ ಅಕ್ಷಾಂಶದಲ್ಲಿ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿರುವ ಮೈಸೂರಿನಲ್ಲಿ ಅದು 9.78ರ ಆಸುಪಾಸಿನಲ್ಲಿದೆ. ಒಂದು ಮೀಟರ್ ಉದ್ದದ ಲೋಲಕ 20 ಆಂದೋಲನಗಳಿಗೆ ಸುಮಾರು 40.2 ಸೆಕೆಂಡು ತೆಗೆದುಕೊಳ್ಳುತ್ತದೆ. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡು ತಡವಾದರೂ ಉತ್ತರದಲ್ಲಿ 0.1ರಷ್ಟು ವ್ಯತ್ಯಾಸ ಬರುತ್ತದೆ. ಹೀಗಿರುವಾಗ 9.7 ಎಂಬ ಪ್ರಾಮಾಣಿಕ ಉತ್ತರ, ಅದರ ದೋಷಮಿತಿಯೊಡನೆ ಬರೆದಾಗ, ಸರಿಯಾದ ಉತ್ತರವೇ ಆಗಿರುತ್ತದೆ. ಹೊಂದಿಸಿ ಬರೆದ 9.81 ಆ ಊರಿನ ಸತ್ಯದಿಂದ ದೂರ ಸರಿದಿರುತ್ತದೆ. ಹೊಸ ವಿದ್ಯಾರ್ಥಿ ತನ್ನ ಅಳತೆಯನ್ನು ನಂಬಲು, ಅದರ ಮಿತಿಯನ್ನು ತಾನೇ ಲೆಕ್ಕ ಹಾಕಲು ಮೊದಲ ವರ್ಷದಲ್ಲಿ ಕಲಿಯದಿದ್ದರೆ ಮುಂದೆ ಯಾವ ಬೆಲೆಬಾಳುವ ಉಪಕರಣವೂ ಅವನನ್ನು ವಿಜ್ಞಾನಿಯನ್ನಾಗಿ ಮಾಡಲಾರದು.

ಎರಡೂ ನಿದರ್ಶನಗಳು ಬೇಡುವುದು ಮೂಲದೆಡೆಗೆ ಹೋಗುವ ಧೈರ್ಯವನ್ನು, ಅದಕ್ಕೆ ಬೇಕಾದ ಸಾಧನಗಳು ಆವರಣದಲ್ಲಿಯೇ ಇವೆ. ಪ್ರವೇಶದ ದಿನ ಕೊಟ್ಟ ರಸೀದಿಯನ್ನು ಗಮನಿಸಿದರೆ ಗ್ರಂಥಾಲಯ ಶುಲ್ಕ, ಪ್ರಯೋಗಾಲಯ ಶುಲ್ಕ, ಕ್ರೀಡಾ ಶುಲ್ಕ ಎಂಬ ಸಾಲುಗಳು ಕಾಣುತ್ತವೆ. ಹಣ ಕಟ್ಟಿದವರು ಆ ಸೌಲಭ್ಯಗಳನ್ನು ಹಕ್ಕಿನಿಂದ ಬಳಸಬೇಕು. ಇಂದು ಹಲವು ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಲ್ಲಿ ವಾಚನಾಲಯದ ಮೇಜುಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದ ಬೆಳಗಿನಿಂದಲೇ ತುಂಬಿರುತ್ತವೆ, ಪುಸ್ತಕದ ಕಪಾಟುಗಳಿರುವ ಭಾಗ ಮಾತ್ರ ಬಿಕೋ ಎನ್ನುತ್ತಿರುತ್ತದೆ. ಕಪಾಟುಗಳ ನಡುವೆ ಓಡಾಡುವುದೇ ಒಂದು ಶಿಕ್ಷಣ. ಬೇಕೆಂದು ಹೋದ ಪುಸ್ತಕದ ಪಕ್ಕದಲ್ಲಿ, ಅದೇ ವಿಷಯದ ಮೇಲೆ ತದ್ವಿರುದ್ಧವಾಗಿ ವಾದಿಸುವ ಇನ್ನೊಂದು ಪುಸ್ತಕ ಇರುತ್ತದೆ ಎಂಬುದು ಅಲ್ಲಿ ನಿಂತವರಿಗಷ್ಟೇ ತಿಳಿಯುವ ಸಂಗತಿ. ಇದರ ಜೊತೆಗೆ, ದೇಶದ ವಿಶ್ವವಿದ್ಯಾನಿಲಯಗಳ ಪಿಎಚ್‌.ಡಿ. ಪ್ರಬಂಧಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಲು ಒದಗಿಸುವ ಶೋಧಗಂಗಾ ಎಂಬ ಭಂಡಾರವಿದೆ. ತಾನು ಸೇರಿದ ವಿಭಾಗದಲ್ಲಿ ಹಿಂದೆ ಯಾರು ಯಾವ ವಿಷಯದ ಮೇಲೆ ಕೆಲಸ ಮಾಡಿದರು ಎಂದು ಹೊಸ ವಿದ್ಯಾರ್ಥಿ ಅದರಲ್ಲಿ ಹುಡುಕಿ ನೋಡಿದರೆ, ಪಾಠ ಮಾಡುವ ಅಧ್ಯಾಪಕರ ಪರಿಚಯ ಬೇರೆಯೇ ರೀತಿಯಲ್ಲಿ ಆಗುತ್ತದೆ.

ಇಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ, ಅದನ್ನು ಬದಿಗೆ ಸರಿಸಿ ಕೊಡುವ ಯಾವ ಸಲಹೆಯೂ ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಯ ಪಾಲಿಗೆ ಸಲಹೆಯಲ್ಲ. ಊರಿನ ಕಾಲೇಜಿನಲ್ಲಿ ಎದ್ದು ನಿಂತು ಉತ್ತರ ಹೇಳುತ್ತಿದ್ದ ಹುಡುಗಿ ವಿಶ್ವವಿದ್ಯಾನಿಲಯದ ತರಗತಿಯಲ್ಲಿ ಇಂಗ್ಲಿಷ್ ತಪ್ಪಾದೀತೆಂಬ ಅಂಜಿಕೆಯಿಂದ ಎರಡು ವರ್ಷವೂ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತು ಹೋಗುವುದಿದೆ. ಈ ಮೌನವನ್ನು ಅಜ್ಞಾನವೆಂದು ಅಳೆಯುವುದು ಘೋರ ಅನ್ಯಾಯ. ಕನ್ನಡ ನಾಡಿನ ಉನ್ನತ ಶಿಕ್ಷಣ ಅನುಭವಿಸುತ್ತಿರುವ ಅತಿ ದೊಡ್ಡ ನಷ್ಟ ಇದೇ ಎಂದರೂ ತಪ್ಪಾಗದು. ಪರಿಹಾರ ಎರಡು ಕಡೆಯಿಂದ ಬರಬೇಕು. ವಿದ್ಯಾರ್ಥಿ ತನ್ನ ಸಂದೇಹವನ್ನು ಮೊದಲು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದುಕೊಳ್ಳಬೇಕು, ತರಗತಿಯಲ್ಲಿ ಕೇಳಲು ಹಿಂಜರಿಕೆಯಾದರೆ ಅಧ್ಯಾಪಕರ ಕೊಠಡಿಗೆ ಹೋಗಿ ಕನ್ನಡದಲ್ಲಿಯೇ ಕೇಳಬೇಕು. ಸಂದೇಹ ಸ್ಪಷ್ಟವಾಗಿದ್ದರೆ ಯಾವ ಭಾಷೆಯಲ್ಲಿ ಕೇಳಿದರೂ ಅದಕ್ಕೆ ತೂಕವಿರುತ್ತದೆ. ಇಂಗ್ಲಿಷ್ ಪುಸ್ತಕವನ್ನು ದಿನಕ್ಕೆ ಎರಡು ಪುಟದಂತೆ, ಅರ್ಥವಾದುದನ್ನು ಕನ್ನಡದಲ್ಲಿ ನಾಲ್ಕು ವಾಕ್ಯ ಬರೆದಿಡುತ್ತ ಓದಿದವರಿಗೆ ಒಂದು ವರ್ಷದಲ್ಲಿ ವಿಷಯವೂ ಭಾಷೆಯೂ ಒಟ್ಟಿಗೆ ಕೈವಶವಾಗುತ್ತವೆ. ಕನ್ನಡದಲ್ಲಿ ಗಂಭೀರ ವಿಜ್ಞಾನವನ್ನು ಹೇಳಲಾಗದೆಂಬ ಕೀಳರಿಮೆಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತಕ್ಕ ಉತ್ತರ. ವಿದ್ಯಾರ್ಥಿಗಳನ್ನು ಕಾಡು ಬೆಟ್ಟಗಳಿಗೆ ಅಧ್ಯಯನ ಪ್ರವಾಸ ಕರೆದೊಯ್ದ ಸಸ್ಯವಿಜ್ಞಾನದ ಅಧ್ಯಾಪಕರ ಆ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅಧ್ಯಯನ ಪ್ರವಾಸವೆಂದರೆ ಬಸ್ಸಿನಲ್ಲಿ ಹೋಗಿ ಗುಂಪಿನ ಫೋಟೋ ತೆಗೆಸಿಕೊಂಡು ಬರುವುದಷ್ಟೇ ಎಂದು ತಿಳಿದಿರುವ ವಿಭಾಗಗಳು ಅದನ್ನು ಓದಬೇಕು. ಇನ್ನು ಅಧ್ಯಾಪಕರ ಕಡೆಯಿಂದ ಬರಬೇಕಾದುದು ಪ್ರಶ್ನೆಯನ್ನು ಸ್ವಾಗತಿಸುವ ಮನಸ್ಸು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪ್ರಶ್ನಿಸುವುದನ್ನೇ ಶಿಕ್ಷಣದ ತಿರುಳೆಂದು ಜೀವನವಿಡೀ ಸಾರಿದರು, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಆ ಪರಂಪರೆಯ ನಾಡಿನಲ್ಲಿ ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ಅಧಿಕಪ್ರಸಂಗಿಯೆಂದು ಕಾಣುವುದು ಸಲ್ಲದು.

ತರಗತಿಯ ಹೊರಗಿನ ಒಡನಾಟಕ್ಕೂ ಇಷ್ಟೇ ಮಹತ್ವವಿದೆ. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನು. ಅವರೊಳಗಿನ ನಾಟಕಕಾರನಿಗೆ ನೆಲೆ ಸಿಕ್ಕಿದ್ದು ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಸಂಸ್ಥೆಯ ಅಟ್ಟದ ಮೇಲೆ, ಕೀರ್ತಿನಾಥ ಕುರ್ತಕೋಟಿಯಂಥವರ ಒಡನಾಟದಲ್ಲಿ. 1950ರ ದಶಕದ ಮೈಸೂರಿನಲ್ಲಿ ಕಾಫಿ ಹೌಸಿನ ಮೇಜಿನ ಸುತ್ತ ಗೋಪಾಲಕೃಷ್ಣ ಅಡಿಗರೊಡನೆ ವಾದಕ್ಕೆ ಕೂರುತ್ತಿದ್ದ ಯುವಕರಲ್ಲಿ ಯು.ಆರ್. ಅನಂತಮೂರ್ತಿಯವರೂ ಒಬ್ಬರು. ಇವರೆಲ್ಲರ ಉದಾಹರಣೆಯಿಂದ ತರಗತಿಗೆ ಚಕ್ಕರ್ ಹೊಡೆಯಬಹುದೆಂದು ತೀರ್ಮಾನಿಸಿದರೆ ಅದು ತಪ್ಪು ಪಾಠವಾಗುತ್ತದೆ. ತನ್ನ ವಿಷಯದವರಲ್ಲದ ಜನರೊಡನೆ ಗಂಭೀರವಾಗಿ ಮಾತನಾಡುವ ಅಭ್ಯಾಸ ಬುದ್ಧಿಯನ್ನು ಹಿಗ್ಗಿಸುತ್ತದೆ ಎಂಬುದಷ್ಟೇ ಇಲ್ಲಿ ಗ್ರಹಿಸಬೇಕಾದ ಅಂಶ. ಇಂದಿನ ವ್ಯವಸ್ಥೆಯಲ್ಲಿ ಇದಕ್ಕೆ ಅಧಿಕೃತವಾದ ಬಾಗಿಲೇ ಇದೆ. ಮುಕ್ತ ಆಯ್ಕೆಯ ವಿಷಯವೆಂದರೆ ತನ್ನದಲ್ಲದ ವಿಭಾಗವೊಂದರಲ್ಲಿ ಕೆಲವು ಕ್ರೆಡಿಟ್‌ಗಳಷ್ಟು, ಅಂದರೆ ವಾರಕ್ಕೆ ಇಂತಿಷ್ಟು ಗಂಟೆಯ ಪಾಠದ ಲೆಕ್ಕದಲ್ಲಿ, ಓದಲು ಕೊಟ್ಟಿರುವ ಅವಕಾಶ. ಬಹಳಷ್ಟು ವಿದ್ಯಾರ್ಥಿಗಳು ಎಲ್ಲಿ ಅಂಕ ಸುಲಭವೆಂದು ವಿಚಾರಿಸಿಕೊಂಡು ಅದನ್ನು ಆರಿಸಿಕೊಳ್ಳುತ್ತಾರೆ. ಇತಿಹಾಸದ ವಿದ್ಯಾರ್ಥಿ ಸಂಖ್ಯಾಶಾಸ್ತ್ರದ ಪ್ರಾಥಮಿಕ ಪಾಠಕ್ಕೋ ರಸಾಯನಶಾಸ್ತ್ರದ ವಿದ್ಯಾರ್ಥಿನಿ ಶಾಸನ ಓದುವ ತರಗತಿಗೋ ಹೋಗಿ ಕುಳಿತರೆ ಆ ಕೆಲವೇ ಗಂಟೆಗಳು ಪದವಿಯ ಅತ್ಯಂತ ಫಲವತ್ತಾದ ಗಂಟೆಗಳಾಗಬಹುದು.

ಹಾಸ್ಟೆಲನ್ನು ಊಟ ನಿದ್ದೆಯ ಜಾಗವೆಂದು ಮಾತ್ರ ಕಾಣುವವರಿಗೆ ಕರ್ನಾಟಕದ ಸಾಮಾಜಿಕ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಕಾಣದೆ ಹೋಗುತ್ತದೆ. ವಾರದ ಏಳು ದಿನ ಏಳು ಮನೆಗಳಲ್ಲಿ ಉಣ್ಣುತ್ತಿದ್ದ ವಾರಾನ್ನದ ಪದ್ಧತಿ ಹುಟ್ಟಿದ ಜಾತಿಯನ್ನು ಅವಲಂಬಿಸಿತ್ತು. ಆ ಮನೆಗಳ ಬಾಗಿಲು ತೆರೆಯದ ಸಮುದಾಯಗಳ ಮಕ್ಕಳಿಗೆ ಓದು ಸಾಧ್ಯವಾದದ್ದು ಮಠಗಳ ಪ್ರಸಾದನಿಲಯಗಳಿಂದ, ಸಮಾಜ ಸುಧಾರಕರು ಕಟ್ಟಿದ ವಿದ್ಯಾರ್ಥಿನಿಲಯಗಳಿಂದ, ಮುಂದೆ 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ವಿಸ್ತರಿಸಿದ ಸರ್ಕಾರಿ ಹಾಸ್ಟೆಲುಗಳಿಂದ. ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂಬ ದಲಿತ ಸಚಿವರೊಬ್ಬರ ಮಾತಿನಿಂದ 1973ರಲ್ಲಿ ಎದ್ದ ಬೂಸಾ ಪ್ರಕರಣದ ಬಿಸಿ ತಟ್ಟಿದ್ದು ಈ ಹಾಸ್ಟೆಲುಗಳ ದಲಿತ ವಿದ್ಯಾರ್ಥಿಗಳಿಗೆ. ಅವರೂ ಎಳೆಯ ಲೇಖಕರೂ ಒಂದುಗೂಡಿದ್ದರಿಂದ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು, ಕನ್ನಡ ಸಾಹಿತ್ಯದ ದಿಕ್ಕು ಬದಲಾಯಿತು. ಇಂತಹ ಹಿನ್ನೆಲೆಯ ಹಾಸ್ಟೆಲಿನಲ್ಲಿ ತನ್ನ ಜಿಲ್ಲೆಯವರು, ತನ್ನ ಜಾತಿಯವರು, ತನ್ನ ವಿಭಾಗದವರು ಎಂದು ಊಟದ ಮೇಜಿನಲ್ಲಿಯೂ ಗುಂಪು ಕಟ್ಟಿಕೊಂಡು ಕೂರುವುದು ಕೈಗೆ ಬಂದ ಅವಕಾಶವನ್ನು ಕೈಯಾರೆ ಚೆಲ್ಲಿದಂತೆ. ಬೀದರಿನವನೂ ಸುಳ್ಯದವನೂ ಒಂದೇ ಕೋಣೆಯಲ್ಲಿ ಒಂದು ವರ್ಷ ಕಳೆದರೆ ಇಬ್ಬರೂ ಕಲಿಯುವ ಕರ್ನಾಟಕ ಯಾವ ಪಠ್ಯದಲ್ಲಿಯೂ ಇಲ್ಲ.

ಈ ವಾದಕ್ಕೆ ಪ್ರಬಲವಾದ ಆಕ್ಷೇಪವೊಂದಿದೆ, ಅದನ್ನು ಗೌರವದಿಂದಲೇ ಎದುರಿಸಬೇಕು. ಹೊಲ ಅಡವಿಟ್ಟು ಓದಿಸುತ್ತಿರುವ ತಂದೆ, ಮದುವೆಗೆ ಅವಸರಿಸುವ ಮನೆಯವರ ನಡುವೆ ಎರಡು ವರ್ಷದ ಕಾಲಾವಕಾಶ ಕೇಳಿಕೊಂಡು ಬಂದ ಮಗಳು, ಇವರಿಗೆ ಬೇಕಾಗಿರುವುದು ಬೇಗ ಸಿಗುವ ಉದ್ಯೋಗ. ಪಾಠಾಂತರ, ದೋಷಮಿತಿಗಳ ಮಾತು ಹೊಟ್ಟೆ ತುಂಬಿದವರದು ಎನ್ನುವುದು ಆ ಆಕ್ಷೇಪ. ಉದ್ಯೋಗದ ತುರ್ತು ನಿಜ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವುದರಲ್ಲಿ ಕೀಳಾದದ್ದೇನೂ ಇಲ್ಲ. ಆದರೆ ಆ ಪರೀಕ್ಷೆಗಳ ಮುಖ್ಯ ಹಂತದಲ್ಲಿ ಬರೆಯಬೇಕಾದ ಪ್ರಬಂಧಕ್ಕೂ ಸಂದರ್ಶನಕ್ಕೂ ಬೇಕಾಗುವುದು ಒಂದು ವಿಷಯವನ್ನು ಹಲವು ಕಡೆಯಿಂದ ನೋಡಿ ಸ್ವಂತ ಮಾತಿನಲ್ಲಿ ಹೇಳುವ ಶಕ್ತಿ, ಅದು ಬಾಯಿಪಾಠದಿಂದ ಬರುವುದಿಲ್ಲ. ಅಲ್ಲದೆ, ಉಳ್ಳವರ ಮಕ್ಕಳಿಗೆ ಮನೆಯ ಪುಸ್ತಕಗಳಿಂದಲೂ ಪ್ರವಾಸಗಳಿಂದಲೂ ಪರಿಚಯಸ್ಥರಿಂದಲೂ ಸಿಗುವುದು ಬಡವರ ಮಕ್ಕಳಿಗೆ ವಿಶ್ವವಿದ್ಯಾನಿಲಯವೊಂದರಿಂದಲೇ ಸಿಗಬೇಕು. ಗ್ರಂಥಾಲಯ, ಪ್ರಯೋಗಾಲಯ, ಒಡನಾಟಗಳ ಅಗತ್ಯ ಅವರಿಗೇ ಹೆಚ್ಚು. ಅವುಗಳನ್ನು ಐಷಾರಾಮವೆಂದು ಕರೆದು ಅವರಿಂದ ದೂರವಿಡುವುದು ಬಡತನವನ್ನು ಇನ್ನೊಂದು ತಲೆಮಾರಿಗೆ ದಾಟಿಸುತ್ತದೆ.

ಎಲ್ಲ ಹೊಣೆಯನ್ನೂ ವಿದ್ಯಾರ್ಥಿಯ ಮೇಲೆಯೇ ಹೊರಿಸುವುದೂ ನ್ಯಾಯವಲ್ಲ. ಖಾಲಿ ಉಳಿದ ಬೋಧಕ ಹುದ್ದೆಗಳು, ಅತಿಥಿ ಉಪನ್ಯಾಸಕರ ಅಭದ್ರ ಬದುಕು, ಸೆಮಿಸ್ಟರ್ ಮುಗಿದರೂ ಖಾತೆಗೆ ಬಾರದ ವಿದ್ಯಾರ್ಥಿವೇತನ ಇವು ಸರ್ಕಾರ ಮತ್ತು ಆಡಳಿತ ಸರಿಪಡಿಸಬೇಕಾದ ಲೋಪಗಳು. ವಿದ್ಯಾರ್ಥಿಗಳು ಇವುಗಳ ಬಗ್ಗೆ ಒಟ್ಟಾಗಿ ದನಿಯೆತ್ತುವುದು ಕೂಡ ವಿಶ್ವವಿದ್ಯಾನಿಲಯದ ಶಿಕ್ಷಣದ ಭಾಗವೇ. ಹೊಸಬರನ್ನು ಪೀಡಿಸುವ ರ‍್ಯಾಗಿಂಗನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗ 2009ರ ನಿಯಮಾವಳಿಯಿಂದ ಕಟ್ಟುನಿಟ್ಟಾಗಿ ನಿಷೇಧಿಸಿದೆ, ದೂರು ಕೊಡಲು 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಅಂಥದ್ದನ್ನು ಎದುರಿಸುತ್ತಿರುವವರು ಸಹಿಸಿಕೊಂಡು ಸುಮ್ಮನಿರಬಾರದು. ಆದರೆ ನಿಷೇಧದಿಂದ ಕೇಡು ತಪ್ಪೀತೇ ವಿನಾ ಸ್ನೇಹ ಹುಟ್ಟದು. ಹಿರಿಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ: ಈ ವರ್ಷ ಹೊಸಬರು ಬಂದು ನೋಟ್ಸಿನ ಜೆರಾಕ್ಸ್ ಕೇಳಿದಾಗ ಕೊಡಿ, ಕೊಟ್ಟು ಅವರನ್ನು ಅದೇ ದಿನ ಗ್ರಂಥಾಲಯಕ್ಕೂ ಕರೆದೊಯ್ದು ನಿಮ್ಮ ವಿಷಯದ ಕಪಾಟು ಎಲ್ಲಿದೆಯೆಂದು ತೋರಿಸಿ, ಅಧ್ಯಾಪಕರೊಬ್ಬರ ಕೊಠಡಿಯವರೆಗೆ ಜೊತೆಗೆ ಹೋಗಿ ಪರಿಚಯ ಮಾಡಿಸಿ.